ಗೋಡೆಯಿಲ್ಲದ ಕೋಣೆ

ಹಿಂದಿನ ಸಲ ಸಮೋವಾದ ಸವಾಯಿ ದ್ವೀಪಕ್ಕೆ ಚಂಡಮಾರುತ ನುಗ್ಗಿದಾಗ ಸೊಲೊಮೊನಾ ಅದರ ಬಾಲ ಹಿಡಿದು ಅಂಗಳದ ದೀವಿಹಲಸಿನ ಮರಕ್ಕೆ ಕಟ್ಟಿಹಾಕಿದ್ದ. ಹಗ್ಗಕ್ಕೆ ಬಿದ್ದ ಹಂದಿಮರಿಯ ಹಾಗೆ ಅದು ಕಿರುಚಾಡಿತು, ಒದ್ದಾಡಿತು, ಕೊನೆಗೆ ತಪ್ಪಾಯಿತೆಂದು ಗೋಗರೆದು ಫಿಜಿಯ ಕಡೆ ಹೊರಟುಹೋಯಿತು. ನಂಬದವರು ಬಂದು ಮರವನ್ನೇ ನೋಡಲಿ, ಇವತ್ತಿಗೂ ಫಿಜಿಯ ಕಡೆಗೇ ವಾಲಿಕೊಂಡಿದೆ.

ಇಂಥ ಗಂಡಾಳಿಗೆ ಇಬ್ಬರು ಮಕ್ಕಳನ್ನು ಸಾಕುವುದು ಯಾವ ಲೆಕ್ಕ?

ಆ ಮಕ್ಕಳು ಆಚೆ ದ್ವೀಪದ ಅನಾಥಾಲಯದಲ್ಲಿದ್ದರು. ಇಲಿಸಪೆತಾಗೆ ಒಂಬತ್ತು ವರ್ಷ, ತಮ್ಮ ಮೋಸೆಗೆ ನಾಲ್ಕು. ಸಮೋವಾದಲ್ಲಿ ಮಗು ಯಾರ ಮನೆಯಲ್ಲಿ ಉಂಡು ಮಲಗುತ್ತದೋ ಅದೇ ಅದರ ಮನೆ. ಅತ್ತೆಯೋ ಅಜ್ಜಿಯೋ ಯಾರಾದರೊಬ್ಬರು ಎತ್ತಿಕೊಂಡೇ ಇರುತ್ತಾರೆ. ಈ ಇಬ್ಬರಿಗೆ ಮಾತ್ರ ಅಂಥವರು ಯಾರೂ ಉಳಿದಿರಲಿಲ್ಲ. ಅನಾಥಾಲಯ ನಡೆಸುವುದು ಒಂದು ಧರ್ಮಸಂಸ್ಥೆ, ಮಕ್ಕಳನ್ನು ಯಾರ ಮಡಿಲಿಗೆ ಹಾಕಬೇಕೆಂದು ತೀರ್ಮಾನಿಸುವುದು ಸರ್ಕಾರ. ಎರಡೂ ಕೈಜೋಡಿಸಿ ಸಾಕುಮನೆಗಳನ್ನು ಹುಡುಕುತ್ತಿದ್ದವು. ಸೊಲೊಮೊನಾನ ಹೆಂಡತಿ ಫಿಲೆಮು ಚರ್ಚಿನವರ ಜೊತೆ ಅಲ್ಲಿಗೆ ಹೋಗಿದ್ದಾಗ, ಹುಡುಗಿ ತನ್ನ ಪಾಲಿನ ಮೀನಿನ ಮುಳ್ಳು ತೆಗೆದು ತೆಗೆದು ತಮ್ಮನಿಗೆ ಉಣ್ಣಿಸುವುದನ್ನು ಕಂಡು ಬಂದಿದ್ದಳು. ಅವತ್ತಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ.

ಆದರೆ ರಾಜಧಾನಿಯ ಇನ್ನೊಂದು ಕುಟುಂಬವೂ ಕೇಳಿತ್ತು. ಅವರಿಗೆ ಬೇಕಾದದ್ದು ಮೋಸೆ ಒಬ್ಬನೇ. ಸೊಲೊಮೊನಾನ ಮನೆಗೆ ಒಪ್ಪಿಗೆ ಸಿಗದಿದ್ದರೆ ತಮ್ಮ ಅಲ್ಲಿಗೆ, ಅಕ್ಕ ಅನಾಥಾಲಯದಲ್ಲೇ.

ಹುಡುಗಿಗೆ ಒಂದು ಕೋಣೆ ಇರಬೇಕು ಎಂದು ಸರ್ಕಾರ ಹೇಳಿ ಕಳಿಸಿತ್ತು. ಸೊಲೊಮೊನಾ ಕಟ್ಟಿಯೇಬಿಟ್ಟ. ಹಡಗು ಹತ್ತಿ ನೋಡಲು ಬಂದ ಅಧಿಕಾರಿ ಲುಸಿಯಾ ಅದರ ನಡುವೆ ನಿಂತು ಸುತ್ತ ನೋಡಿದಳು.

"ಕೋಣೆ ಎಲ್ಲಿ ದೊಡ್ಡಪ್ಪ?"

"ಅದರೊಳಗೇ ನಿಂತಿದ್ದೀಯಲ್ಲ ತಾಯಿ!"

ಕಡೆದ ಹಾಗಿದ್ದ ಕಂಬಗಳು, ಮೇಲೆ ಚೆಂದದ ಸೂರು, ಕೆಳಗೆ ನುಣ್ಣನೆಯ ಬೆಣಚುಕಲ್ಲು. ಅಷ್ಟೇ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕಟ್ಟಿದ್ದು ಹೀಗೆಯೇ.

"ಗೋಡೆ?"

"ಗೋಡೆ ಯಾಕೆ? ಕಳ್ಳ ಅಡಗಿಕೊಳ್ಳೋಕಾ?"

"ಬಾಗಿಲು?"

"ಸುತ್ತಲೂ ಬಾಗಿಲೇ! ರಾಣಿಗೂ ಇಷ್ಟು ದೊಡ್ಡ ಬಾಗಿಲಿಲ್ಲ."

ಲುಸಿಯಾ ನಕ್ಕಳು. ಅವಳು ಹುಟ್ಟಿ ಬೆಳೆದದ್ದೂ ಇಂಥದೇ ಮನೆಯಲ್ಲಿ. "ನಮಗೇನೋ ಬೇಕಾಗಿರಲಿಲ್ಲ ದೊಡ್ಡಪ್ಪ. ಆದ್ರೆ ಆ ಹುಡುಗಿ ತುಂಬಾ ಕಂಡಿದ್ದಾಳೆ. ಒಬ್ಬಳೇ ಕೂತು ಅಳಬೇಕು ಅನ್ನಿಸಿದ್ರೆ ಹಾಕ್ಕೊಳ್ಳೋಕೆ ಒಂದು ಬಾಗಿಲು ಬೇಕು. ಇನ್ನೊಂದು ಸಲ ಬರ್ತೀನಿ. ಅದೇ ಕೊನೆ, ರಾಜಧಾನಿಯವರು ಕಾಯ್ತಿದ್ದಾರೆ."

ಆಮೇಲೆ ಗೋಡೆ ಎದ್ದಿತು. ಹೇಗೆ ಅಂತೀರಾ? ಸೊಲೊಮೊನಾ ಬೆಟ್ಟಕ್ಕೆ ಹೋಗಿ ಒಂದು ಮರದ ಕೆನ್ನೆಗೆ ಬಾರಿಸಿದ. ಅದು ಹೆದರಿ ತಾನೇ ಹಲಗೆಗಳಾಗಿ ಸೀಳಿಕೊಂಡು ಅವನ ಹಿಂದೆ ಸಾಲಾಗಿ ನಡೆದುಬಂತು. ಬಾಗಿಲನ್ನಂತೂ ಅವನು ಹಲ್ಲಿನಲ್ಲೇ ಕೆತ್ತಿದ.

ಲುಸಿಯಾ ಎರಡನೇ ಸಲ ಬಂದಾಗ ಹೊಸ ಕೋಣೆಯ ಬಾಗಿಲನ್ನು ಹಾಕಿ ತೆಗೆದು ನೋಡಿದಳು. ಸರಿ ಎಂದು ತಲೆಯಾಡಿಸಿದಳು. ಆಮೇಲೆ ಎಲ್ಲರೂ ಕೋಣೆಯ ಪಕ್ಕದ ದೊಡ್ಡಮನೆಯ ಚಾಪೆಯ ಮೇಲೆ ಕೂತರು. ಫಿಲೆಮು ಬಿಸಿ ಕೋಕೋ ತಂದಿಟ್ಟಳು.

"ಮಗೂಗೆ ಜ್ವರ ಬಂದ್ರೆ?" ಎಂದಳು ಲುಸಿಯಾ.

"ಹೆಗಲ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡ್ತೀನಿ. ಬಸ್ಸು ನನ್ನ ಹಿಂದೆ ಏದುಸಿರು ಬಿಡ್ತಾ ಬರುತ್ತೆ."

"ಊಟ?"

"ಕೆಸುವಿನ ಗಡ್ಡೆ ಬೆಳೆಯೋನೂ ನಾನೇ, ಬೇಯಿಸೋನೂ ನಾನೇ."

ಫಿಲೆಮು ಕೆಮ್ಮಿದಳು.

"ಕಷ್ಟ ಅಂತ ಬಂದ್ರೆ ಯಾರನ್ನ ಕರೀತೀರಿ?"

"ನಾನಿರೋವಾಗ ಇನ್ಯಾರು ಬೇಕು? ಯಾರನ್ನೂ ಕರೆಯಲ್ಲ!"

ಲುಸಿಯಾ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟಳು. "ಹಾಗಾದ್ರೆ ಈ ಮನೆಗೆ ಮಕ್ಕಳನ್ನ ಕೊಡೋಕಾಗಲ್ಲ ದೊಡ್ಡಪ್ಪ. ಎಲ್ಲಾ ನಾನೇ ಅನ್ನೋ ಮನೆ ಬೇಗ ಸೋತುಹೋಗುತ್ತೆ. ಅಂಥಾ ಮನೆಗಳಿಂದ ಮಕ್ಕಳು ಗಂಟು ಹೊತ್ಕೊಂಡು ವಾಪಸ್ ಬರೋದನ್ನ ನೋಡಿದ್ದೀನಿ. ಇಲಿಸಪೆತಾಗೆ ಅದನ್ನ ಮಾಡಲಾರೆ."

ಹುಟ್ಟಿದಾಗಿನಿಂದ ಸೊಲೊಮೊನಾನ ಮಾತಿಗೆ ಜನ ನಕ್ಕಿದ್ದರು, ಬೈದಿದ್ದರು. ನಂಬಿದವರು ಯಾರೂ ಇರಲಿಲ್ಲ. ಈಗ ಒಬ್ಬಳು ನಂಬಿದ್ದಳು, ಅದೂ ಇವತ್ತು.

ದೊಡ್ಡಮನೆಗೆ ಗೋಡೆ ಇಲ್ಲ, ಊರಿಗೆಲ್ಲ ಕಿವಿ ಇದೆ. ಪಕ್ಕದ ಅಡುಗೆ ಚಪ್ಪರದಿಂದ ಪಾದ್ರಿಯ ಹೆಂಡತಿ ಕೂಗಿದರು: "ಏನಪ್ಪಾ ಸೊಲೊಮೊನಾ, ಸೊಂಟ ಹಿಡ್ಕೊಂಡಾಗ ಬಸ್ಸಿನ ಮುಂದೆ ಓಡಿದ್ಯೋ, ಇಲ್ಲಾ ನಮ್ಮ ಗಾಡಿಯ ಹಿಂದಿನ ಸೀಟಲ್ಲಿ 'ಅಯ್ಯಮ್ಮಾ' ಅಂತ ಮಲಗಿದ್ಯೋ?"

ಆಚೆ ಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹೇಳ್ರೀ," ಎಂದಳು ಫಿಲೆಮು. "ಇವತ್ತೊಂದು ದಿನ ಇದ್ದದ್ದು ಇದ್ದ ಹಾಗೆ ಹೇಳ್ರೀ. ಇಲ್ಲಾಂದ್ರೆ ಆ ಕೂಸು ಅಲ್ಲೇ ಉಳಿದುಹೋಗುತ್ತೆ."

ಸೊಲೊಮೊನಾ ಚಾಪೆಯ ಎಳೆಯನ್ನು ಉಗುರಿನಿಂದ ಕೆದಕಿದ.

"ಹಲಗೆ ಬೆಟ್ಟದ್ದಲ್ಲ ತಾಯಿ. ಬಂದರಿನ ಹತ್ರ ಮರದ ಅಂಗಡಿ ಪೆಲೆನಾತೊ ಇದ್ದಾನಲ್ಲ, ಅವನು ಲಾರಿ ತುಂಬಾ ತಂದು ಇಳಿಸಿ, ಒಂದು ಎಳನೀರು ಕುಡಿದು, ದುಡ್ಡಿನ ಮಾತೆತ್ತದೆ ಹೋದ. ಮೊಳೆ ಹೊಡೆದದ್ದು ಚರ್ಚಿನ ಹುಡುಗರು."

"ನೀವೂ ಹೊಡೆದ್ರಿ, ಒಂದು," ಎಂದಳು ಫಿಲೆಮು.

"ಹೌದು, ನನ್ನ ಹೆಬ್ಬೆರಳ ಮೇಲೆ. ಆಮೇಲೆ ನೆರಳಲ್ಲಿ ಕೂತು ಅವರಿಗೆ ಬುದ್ಧಿ ಹೇಳಿದೆ. ಹುಡುಗಿಗೆ ಚಾಪೆ ನೇಯ್ದೋರು ಊರ ಹೆಂಗಸರು. ಬಾಗಿಲು ನಿಮ್ಮ ಕಚೇರಿಯಿಂದಲೇ ಬಂತು, ನಿನಗೇ ಗೊತ್ತು. ಊರಿಗೆಲ್ಲ ಮಾತ್ರ ನಾನೇ ಕೆತ್ತಿದೆ ಅಂದಿದ್ದೆ. ಅಡುಗೆ..." ಹೆಂಡತಿಯ ಕಡೆ ನೋಡಿದ. "ನನಗೆ ನೀರು ಕಾಯಿಸೋಕೂ ಬರಲ್ಲ."

"ಇದನ್ನೇ ಮೊದಲೇ ಹೇಳಬಹುದಿತ್ತಲ್ಲ?"

"ಹೇಗೆ ಹೇಳಲಿ? ಇಷ್ಟು ಜನ ಕೇಳದೇ ಬಂದು ಮಾಡಿಕೊಟ್ರು. ಅವರ ಉಪಕಾರಕ್ಕೆ ಸರಿಯಾದ ಮಾತು ನನ್ನ ಹತ್ರ ಇಲ್ಲ. ಎಲ್ಲಾ ನಾನೇ ಮಾಡಿದೆ ಅನ್ನೋದು ಸುಲಭ."

ಪಕ್ಕದ ಚಪ್ಪರದಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ನನಗೆ ಬೇಕಾಗಿದ್ದದ್ದು ಈ ಜನರೇ ದೊಡ್ಡಪ್ಪ," ಎಂದಳು ಲುಸಿಯಾ. "ಶನಿವಾರದ ಹಡಗಿಗೆ ಕರ್ಕೊಂಡು ಬರ್ತೀನಿ. ಅಕ್ಕ, ತಮ್ಮ, ಇಬ್ಬರನ್ನೂ."

ಫಿಲೆಮು ಅಂಗಿಯ ತೋಳಿಗೆ ಮುಖ ಒತ್ತಿಕೊಂಡಳು. ಲುಸಿಯಾ ಎದ್ದು ನಿಂತವಳು ಕೇಳಿದಳು: "ಹಡಗಿಂದ ಇಳಿದ ತಕ್ಷಣ ಅವರಿಗೆ ಏನು ಹೇಳ್ತೀರಿ?"

ಸೊಲೊಮೊನಾ ಎದೆಯುಬ್ಬಿಸಿದ. ಶಾರ್ಕಿನದೋ ತಿಮಿಂಗಿಲದ್ದೋ ಒಂದು ಕಥೆ ಗಂಟಲಿನವರೆಗೂ ಬಂದಿತ್ತು. ಹೆಂಡತಿ ನೋಡುತ್ತಿದ್ದಳು. ಉಸಿರು ಬಿಟ್ಟ.

"ಗೊತ್ತಿಲ್ಲ ತಾಯಿ," ಎಂದ. "ನಿಜ ಹೇಳಬೇಕು ಅಂದ್ರೆ, ನನಗೆ ತುಂಬಾ ಭಯ ಆಗ್ತಿದೆ."