ಬೀಗ ಯಾಕೆ ಹಾಕಿತ್ತು?

ಹುಮನಾಬಾದಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಸುಮ್ಮನೆ ಕೂರದ ಕಕ್ಷಿದಾರರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುಲ್ಸುಮ್ ಬೀ ಅಂಥವರಲ್ಲಿ ಮೊದಲಿಗರು.

ಹಳ್ಳಿಖೇಡದ ಆಚೆಗಿನ ಸಣ್ಣ ಹಳ್ಳಿಯೊಂದರಲ್ಲಿ ಅವರದು ರೇಷನ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅದೇ ಅವರ ಅನ್ನ, ಅದೇ ಅವರ ಮಾನ. ಒಂದು ದಿನ ತಪಾಸಣೆಗೆ ಬಂದವರು ಬಾಗಿಲಿಗೆ ಬೀಗ ನೋಡಿ, ಅಂಗಡಿ ಬಂದ್ ಎಂದು ಬರೆದುಕೊಂಡು ಹೋದರು. ವಾರದೊಳಗೆ ಮೇಲಿನ ಕಚೇರಿಯಿಂದ ಲೈಸೆನ್ಸ್ ರದ್ದಾಯಿತು. ನೋಟಿಸಿಲ್ಲ, ವಿಚಾರಣೆಯಿಲ್ಲ. ಆ ಆದೇಶ ಓದಿದಾಗ ನನ್ನ ಪಿತ್ತ ನೆತ್ತಿಗೇರಿತು.

"ವಕೀಲ್ ಸಾಬ್, ಅವತ್ತ ಏನಾಗಿತ್ತಂದ್ರ..." ಎಂದು ಕುಲ್ಸುಮ್ ಬೀ ಶುರು ಮಾಡಿದರು.

"ಅದು ಬ್ಯಾಡ್ರಿ," ಎಂದೆ. "ಬೀಗ ಯಾಕ ಹಾಕಿದ್ರಿ ಅಂತ ಹೈಕೋರ್ಟ್ ನೋಡಂಗಿಲ್ಲ. ನಿಮ್ಮನ್ನ ಕೇಳದೇ ಹ್ಯಾಂಗ ರದ್ದು ಮಾಡಿದ್ರು ಅನ್ನೂದಷ್ಟೇ ನೋಡ್ತದ."

ಕಾನೂನೂ ಹಾಗೆಯೇ. ಅಂಗಡಿ ಯಾರಿಗೆ ಸಲ್ಲಬೇಕು ಎಂದು ಕೋರ್ಟು ತಾನೇ ಹೇಳುವುದಿಲ್ಲ. ಸರ್ಕಾರ ಆ ತೀರ್ಮಾನಕ್ಕೆ ಬಂದ ದಾರಿ ನೆಟ್ಟಗಿತ್ತೇ ಎಂದು ನೋಡುತ್ತದೆ. ಕುಲ್ಸುಮ್ ಬೀ ಮೂರು ಸಲ ಬಾಯಿ ತೆರೆದರು, ಮೂರು ಸಲವೂ ಮುಚ್ಚಿಸಿದೆ. ಯಾವುದೋ ಮದುವೆಗೆ ಹೋಗಿರಬೇಕು ಎಂದು ನನ್ನಷ್ಟಕ್ಕೆ ಅಂದುಕೊಂಡಿದ್ದೆ.

ಕಲಬುರಗಿ ಪೀಠದಲ್ಲಿ ಗೆದ್ದೆವು. ಹಳೆಯ ಆದೇಶ ರದ್ದು. ಆಕೆಯ ಮಾತು ಕೇಳಿ ಹೊಸದಾಗಿ ತೀರ್ಮಾನಿಸಿ ಎಂದಿತು ಕೋರ್ಟು. ಕುಲ್ಸುಮ್ ಬೀ ಊರಿಗೆಲ್ಲ ಪೇಢಾ ಹಂಚಿದರು. ಅಂಗಡಿ ಇನ್ನೂ ಸಿಕ್ಕಿಲ್ಲ, ಕೇಳಿದ ಮೇಲೂ ಮತ್ತೆ ರದ್ದು ಮಾಡಬಹುದು ಎಂದು ರೇಗಿದೆ.

"ನಂಗ ಗೊತ್ತದ್ರಿ. ಕೇಳ್ತಾರಲ್ಲ, ಅದಕ್ಕ ಪೇಢಾ," ಎಂದು ನನ್ನ ಕೈಗೂ ಒಂದಿಟ್ಟರು.

ವಿಚಾರಣೆ ಬಸವಕಲ್ಯಾಣದ ಅದೇ ಮೇಲಿನ ಕಚೇರಿಯಲ್ಲಿ. ನಾನು ನಾಲ್ಕು ಪುಟ ವಾದ, ಆರು ತೀರ್ಪು ಹೊತ್ತುಕೊಂಡು ಹೋದೆ. ಅವರು ಪಕ್ಕದ ಮನೆಯ ಗಿರಿಜಾಬಾಯಿಯನ್ನು ಕರೆತಂದಿದ್ದರು. ಅಧಿಕಾರಿ ನನ್ನ ಕಾಗದಗಳನ್ನು ಬದಿಗೆ ಸರಿಸಿ ಕುಲ್ಸುಮ್ ಬೀ ಕಡೆ ತಿರುಗಿದರು.

"ಅವತ್ತ ಬೀಗ ಯಾಕ ಹಾಕಿದ್ರಿ ಅಮ್ಮಾ?"

"ಅಂಗಡ್ಯಾಗ ನೆಟ್‌ವರ್ಕ್ ಬರಂಗಿಲ್ರಿ ಸಾಹೇಬ್ರೇ. ಹೆಬ್ಬೆಟ್ಟಿನ ಮಷೀನ್ ತಗೊಂಡು ಇವ್ರ ಮಾಳಗಿ ಮ್ಯಾಲ ಹೋಗ್ತೀನಿ. ಮಂದಿ ಅಲ್ಲೇ ಬಂದು ಹೆಬ್ಬೆಟ್ಟು ಒತ್ತತಾರ, ಆಮ್ಯಾಲ ಕೆಳಗ ಬಂದು ಅಕ್ಕಿ ಕೊಡ್ತೀನಿ. ಅಲ್ಲೀತನ ಅಕ್ಕಿ ಕಾಯವ್ರು ಯಾರ್ರಿ? ಅದಕ್ಕ ಬೀಗ."

"ಹೌದ್ರಿ," ಎಂದರು ಗಿರಿಜಾಬಾಯಿ. "ಊರ ಮಂದಿ ಎಲ್ಲಾ ನಮ್ಮ ಮಾಳಗಿ ಮ್ಯಾಲಿದ್ರು. ಒಣಾಕಿದ್ದ ಸಂಡಿಗಿ ಎಲ್ಲಾ ತುಳದು ಹಾಕ್ಯಾರ."

ಅಧಿಕಾರಿ ಕಂಪ್ಯೂಟರಿನಲ್ಲಿ ಆ ದಿನದ ಹೆಬ್ಬೆಟ್ಟುಗಳನ್ನು ತೆಗೆಸಿ ನೋಡಿದರು. ತಪಾಸಣೆ ನಡೆದ ಹೊತ್ತಿಗೇ ಒಂದರ ಹಿಂದೊಂದು ಬಿದ್ದಿದ್ದವು.

"ಇದನ್ನ ಮೊದಲೇ ಹೇಳಬಾರದೇನ್ರಿ?"

"ಯಾರು ಕೇಳ್ಯಾರ್ರಿ?" ಎಂದರು ಕುಲ್ಸುಮ್ ಬೀ, ಒಂದಿಷ್ಟೂ ಸಿಟ್ಟಿಲ್ಲದೆ.

ಅಧಿಕಾರಿ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಕೇಳಲಿಲ್ಲ, ಕೇಳಲೇ ಇಲ್ಲ ಎಂದು ಹೈಕೋರ್ಟಿನಲ್ಲಿ ಗಂಟಲು ಹರಿದುಕೊಂಡವನು ನಾನೇ. ನಾಚಿಕೆಯಾಯಿತು.

ಸಂಜೆಯೊಳಗೆ ಲೈಸೆನ್ಸ್ ಮರಳಿಸಿದ ಆದೇಶ ಕೈಗೆ ಬಂತು. ಹುಮನಾಬಾದ್ ಬಸ್ಸಿನಲ್ಲಿ ಕುಲ್ಸುಮ್ ಬೀ ಅದನ್ನು ಕೈಚೀಲದಿಂದ ತೆಗೆಯುವುದು, ನೋಡುವುದು, ಮತ್ತೆ ಇಡುವುದು ನಡೆಸಿದ್ದರು. ಆಮೇಲೆ ನನ್ನ ಕಡೆ ಬಾಗಿ ಕೇಳಿದರು.

"ವಕೀಲ್ ಸಾಬ್, ನಿಮಗೂ ಇವತ್ತೇ ಗೊತ್ತಾತಲ್ರಿ?"

"ಹೌದ್ರಿ. ತಪ್ಪಾತು. ನಾನೂ ಕೇಳಬೇಕಿತ್ತು."

ಅವರು ಗಿರಿಜಾಬಾಯಿಯ ಭುಜ ತಟ್ಟಿ ನಕ್ಕರು. "ನೀವು ಮೊದಲೇ ಕೇಳಿದ್ದಿದ್ರ ಇವತ್ತ ಇಷ್ಟ ಛಂದ ಹೇಳಾಕ ಬರ್ತಿರಲಿಲ್ಲ ನಂಗ. ಎಂಟು ತಿಂಗಳಿಂದ ಮನ್ಯಾಗ ಒಬ್ಬಾಕೀನೇ ಹೇಳ್ಕೊಂತ ಕುಂತಿದ್ದೆ."

ಅವರಿಗೆ ಅದು ತಮಾಷೆಯ ಮಾತು. ನನಗೆ ಊರು ಬರುವವರೆಗೂ ಒಳಗೊಳಗೇ ಚುಚ್ಚುತ್ತಿತ್ತು. ಆದರೂ ಅವರ ಖುಷಿ ನೋಡಿ ನಾನೂ ನಕ್ಕೆ.