ಹೆಸರು ಬದಲಿಸಿಕೊಂಡ ತರಗತಿ

ಗಣಿತದ ಮಿಸೆಸ್ ಪೆನ್ ಅಂದು ರಜೆ. ಬದಲಿ ಮೇಷ್ಟ್ರು ಬಂದರೆ ಅಮೆರಿಕದ ಡುಲೂತ್ ಊರಿನ ಆ ಶಾಲೆಯ ಏಳನೇ ತರಗತಿಯವರು ಹೆಸರು, ಜಾಗ ಅದಲುಬದಲು ಮಾಡಿಕೊಂಡು ಕೂರುವುದು ವಾಡಿಕೆ. ಈ ಸಲ ಯಾರು ಯಾರಾಗಬೇಕೆಂದು ಗೊತ್ತುಮಾಡಿದವಳು ಟಿಲ್ಡಾ. ತನ್ನ ಹೆಸರನ್ನು ಗೆಳತಿ ಬ್ರಿಜೆಟ್‌ಗೆ ಕೊಟ್ಟು, ಅವಳದನ್ನು ತಾನು ತೆಗೆದುಕೊಂಡಳು.

ಬದಲಿಗೆ ಬಂದ ಹಾಲ್‌ಗ್ರೆನ್ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಹಾಜರಿ ಕೂಗಿ, ಮಿಸೆಸ್ ಪೆನ್ ಬರೆದಿಟ್ಟಿದ್ದ ಚೀಟಿ ಓದಿಕೊಂಡು, ಟಿಲ್ಡಾಳ ಬಳಿ ಬಗ್ಗಿ ಮೆಲ್ಲಗೆ ಹೇಳಿದರು: "ಬ್ರಿಜೆಟ್, ನಿಂಗೆ ಶುಗರ್ ಇದೆಯಂತೆ. ತಲೆ ಸುತ್ತಿದ್ರೆ ಹೇಳಮ್ಮ, ಡ್ರಾಯರಲ್ಲಿ ಜ್ಯೂಸಿದೆ."

"ಸರಿ ಸರ್."

ಹಿಂದಿನ ಸಾಲಿನ ಹುಡುಗ ಡೆರೆಕ್ ಕಿಸಕ್ಕೆಂದ.

ಅರ್ಧ ಗಂಟೆಯಲ್ಲಿ ಮೂವರು ಬಾತ್‌ರೂಮಿಗೆಂದು ಹೋದವರು ವಾಪಸು ಬರಲಿಲ್ಲ. ಪಾಠದ ಹೊತ್ತು ಗೋಡೆಯ ಬಟ್ಟೆಚೀಲದಲ್ಲಿ ತುಂಬಿಟ್ಟಿದ್ದ ಫೋನುಗಳಲ್ಲೊಂದು ಕಿರುಚತೊಡಗಿತು. ಬ್ರಿಜೆಟ್‌ಳ ಫೋನದು, ಅವಳ ತೋಳಿಗೆ ಅಂಟಿಸಿದ ಸೆನ್ಸರಿಗೆ ಜೋಡಿಸಿದ್ದು; ರಕ್ತದಲ್ಲಿ ಸಕ್ಕರೆ ಇಳಿದಾಗ ಹಾಗೆ ಕೂಗುತ್ತದೆ. ಅವಳ ಗ್ಲೂಕೋಸ್ ಮಾತ್ರೆಯಿದ್ದ ಬ್ಯಾಗೂ ಸೇರಿ ಬ್ಯಾಗುಗಳೆಲ್ಲ ಹೊರಗೆ ಲಾಕರಿನಲ್ಲಿದ್ದವು.

ಬ್ರಿಜೆಟ್ ಎದ್ದಳು. "ಸರ್, ನಂಗೆ ಜ್ಯೂಸ್ ಬೇಕು."

"ಅದು ನಿಂಗಲ್ಲ ಟಿಲ್ಡಾ. ಕೂತ್ಕೋ."

"ನಾನೇ ಬ್ರಿಜೆಟ್."

ತರಗತಿ ಗೊಳ್ಳೆಂದಿತು. "ಹಾಗಾದ್ರೆ ನಾನೇ ಪ್ರಿನ್ಸಿಪಾಲ್" ಎಂದ ಡೆರೆಕ್.

"ಸಾಕು" ಎಂದರು ಹಾಲ್‌ಗ್ರೆನ್. "ನಿಮ್ಮಾಟ ಆಗಿಂದ ನೋಡ್ತಿದೀನಿ."

ಟಿಲ್ಡಾಳ ಮೇಲೆ ಆಗಲೇ ಎರಡು ದೂರುಗಳಾಗಿದ್ದವು; ಮೂರನೆಯದಾದರೆ ಹಾಕಿ ತಂಡದಿಂದ ತೆಗೆಯುತ್ತಿದ್ದರು. ಇನ್ನೊಂದು ನಿಮಿಷ ನೋಡೋಣ, ಬ್ರಿಜೆಟ್ ಹೇಗಾದರೂ ಒಪ್ಪಿಸುತ್ತಾಳೆ ಎಂದುಕೊಂಡಳು. ಬ್ರಿಜೆಟ್ ಒಪ್ಪಿಸಲಿಲ್ಲ. ಕೂತಳು. ಹಣೆಯ ಬೆವರು ಪುಸ್ತಕದ ಮೇಲೆ ತೊಟ್ಟಿಕ್ಕಿತು. ಏನೋ ಗೊಣಗುತ್ತಿದ್ದಳು, ಮಾತು ತೊದಲುತ್ತಿತ್ತು. ಫೋನು ಮತ್ತೆ ಕೂಗಿತು.

ಟಿಲ್ಡಾ ಎದ್ದು ನಿಂತಳು. "ಸರ್, ಅವಳು ಹೇಳಿದ್ದು ನಿಜ. ನಾನು ಟಿಲ್ಡಾ."

"ಈಗ ನೀನೂ ಶುರುಮಾಡಿದ್ಯಾ?"

ಅವಳು ಮೇಜಿನತ್ತ ಓಡಿದಳು. ಹಾಲ್‌ಗ್ರೆನ್ ಡ್ರಾಯರಿಗೆ ಅಡ್ಡ ನಿಂತರು. ಟಿಲ್ಡಾ ಬ್ರಿಜೆಟ್‌ಳತ್ತ ಕೈ ತೋರಿಸಿದಳು.

"ಹೆಸರು ಬಿಡಿ ಸರ್. ಅವಳ ಮುಖ ನೋಡಿ."

ಅವರು ನೋಡಿದರು. ಮರುಕ್ಷಣ ಜ್ಯೂಸಿನ ಡಬ್ಬಿ ಹಿಡಿದು ಬ್ರಿಜೆಟ್‌ಳ ಪಕ್ಕ ಮಂಡಿಯೂರಿದ್ದರು. "ನಿನ್ನ ಹೆಸರು ಏನಾದ್ರೂ ಇರ್ಲಿ, ನರ್ಸನ್ನ ಕರ್ಕೊಂಡು ಬಾ, ಓಡು" ಎಂದರು ಡೆರೆಕ್‌ಗೆ. ಮೊದಲ ಗುಟುಕು ಬ್ರಿಜೆಟ್‌ಳ ಗಲ್ಲದ ಮೇಲೆ ಸುರಿಯಿತು. ಯಾರೂ ನಗಲಿಲ್ಲ. ಎರಡನೆಯದನ್ನು ಅವಳು ನುಂಗಿದಳು.

ಮಧ್ಯಾಹ್ನದ ಹೊತ್ತಿಗೆ ಬ್ರಿಜೆಟ್ ಚೇತರಿಸಿಕೊಂಡಿದ್ದಳು; ಪ್ರಿನ್ಸಿಪಾಲರ ಕೋಣೆಯಲ್ಲಿ ಅವಳ ತಾಯಿ ಹಾಲ್‌ಗ್ರೆನ್ ಮೇಲೆ ಕೂಗಾಡುತ್ತಿದ್ದರು. "ಚೀಟಿ ಬರೆದಿಟ್ಟಿದ್ರು. ಓದೋಕ್ ಬರಲ್ವೇನ್ರೀ ನಿಮಗೆ? ನನ್ನ ಮಗಳು ಬಾಯ್ಬಿಟ್ಟು ಕೇಳಿದ್ಲು."

"ಕೇಳಿದ್ಲು" ಎಂದರು ಹಾಲ್‌ಗ್ರೆನ್. "ನಾನು ಕೊಡಲಿಲ್ಲ." ಮಕ್ಕಳ ಆಟದ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಇವರನ್ನ ಇನ್ನು ಈ ಶಾಲೆಗೆ ಕರೀಬೇಡಿ."

ಪ್ರಿನ್ಸಿಪಾಲರು ಪೆನ್ನು ತೆಗೆದುಕೊಂಡರು. ಹೊರಗಿನ ಬೆಂಚಿನಲ್ಲಿದ್ದ ಟಿಲ್ಡಾಳನ್ನು ಯಾರೂ ಕರೆಸಿರಲಿಲ್ಲ. ಬಾಗಿಲು ತೆರೆದೇ ಇತ್ತು. ಎದ್ದು ಒಳಗೆ ಹೋಗಿ ಪ್ರಿನ್ಸಿಪಾಲರ ಮುಂದೆ ನಿಂತಳು.

"ಅವರು ಚೀಟಿ ಓದಿದ್ರು ಮೇಡಂ. ಬ್ರಿಜೆಟ್ ಯಾರು ಅಂತ ಅವರಿಗೆ ಸುಳ್ಳು ಹೇಳಿದ್ದು ನಾನು. ಎಲ್ಲರ ಹೆಸರೂ ಬದಲಾಯಿಸಿದ್ದು ನಾನೇ."

ಬ್ರಿಜೆಟ್‌ಳ ತಾಯಿ ನಿಧಾನವಾಗಿ ತಿರುಗಿದರು. ಎಷ್ಟೋ ಶನಿವಾರ ಅವರ ಮನೆಯಲ್ಲೇ ಉಂಡು ಮಲಗಿದ್ದ ಹುಡುಗಿ. "ನೀನಾ?"

"ನಾನೇ."

ತಾಯಿಯದು ಕ್ಷಮಿಸುವ ಮುಖವಂತೂ ಆಗಿರಲಿಲ್ಲ. ಪ್ರಿನ್ಸಿಪಾಲರು ಬರೆಯುತ್ತಿದ್ದ ಹಾಳೆ ಬದಿಗಿಟ್ಟು ಹೊಸದೊಂದನ್ನು ಎಳೆದುಕೊಂಡರು.

"ಮೊದಲಿಂದ ಹೇಳು" ಎಂದರು.

ಟಿಲ್ಡಾ ಹೇಳಿದಳು.