ಏಳು ಗಂಟೆಯ ಹುಳಗಳು

ಟಿಣ್. ಸ್ವಲ್ಪ ಬಿಟ್ಟು ಮತ್ತೆ ಟಿಣ್, ಟಿಣ್.

ರಾತ್ರಿ ಒಂದೂವರೆಗೆ ಅಡುಗೆಮನೆಯಿಂದ ಬಂದ ಆ ಸದ್ದಿಗೆ ತಂಗಿಗೆ ಎಚ್ಚರವಾಯಿತು. ಎದ್ದು ಹೋಗಿ ನೋಡಿದರೆ, ಅಕ್ಕ ಕತ್ತಲಲ್ಲೇ ನಿಂತು ಬಿಂದಿಗೆಯಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಕೈ ನಡುಗಿ ಲೋಟ ಬಿಂದಿಗೆಯ ಬಾಯಿಗೆ ತಾಗುತ್ತಿತ್ತು.

"ಯಾವಾಗಿಂದ ಅಕ್ಕಾ ಇದು?"

"ಹೋದ ವರ್ಷದಿಂದ. ನರದ್ದಂತೆ, ಡಾಕ್ಟರು ಗುಳಿಗೆ ಕೊಟ್ಟಿದಾರೆ. ನೀನ್ಯಾಕೆ ದೆವ್ವ ಕಂಡೋಳ ಹಾಗೆ ನಿಂತಿದೀಯ? ಹೋಗಿ ಮಲಗು." ಅಕ್ಕ ಲೋಟದ ನೀರನ್ನು ಗಟಗಟ ಕುಡಿದು ಮುಗಿಸಿದಳು.

ತಂಗಿ ಮಲಗಲಿಲ್ಲ. ನೀರು ಪರೀಕ್ಷಿಸುವ ಕಚೇರಿಯಲ್ಲಿ ಅವಳದು ಹುಳ ಎಣಿಸುವ ಕೆಲಸ. ಮೂರು ತಿಂಗಳಿಗೊಮ್ಮೆ ಅಕ್ಕನ ಮನೆಯ ಹತ್ತಿರದ ಈ ತೊರೆಗಿಳಿದು, ಕಲ್ಲು ಮಗುಚಿ, ಅಡಿಯಲ್ಲಿ ಅಂಟಿಕೊಂಡ ಹುಳಗಳನ್ನು ಬಿಳಿ ತಟ್ಟೆಗೆ ಉದುರಿಸಿ ಎಣಿಸುತ್ತಿದ್ದಳು. ಮೇಲಿನ ತರಕಾರಿ ಹೊಲಗಳಿಗೆ ಹೊಡೆದ ಔಷಧಿ ತೊರೆಗೆ ಇಳಿದಿದ್ದರೆ ನಾಜೂಕಿನ ಹುಳಗಳು ಮೊದಲು ಸಾಯುತ್ತವೆ. ಸೀಸೆಯಲ್ಲಿ ಹಿಡಿದ ನೀರು ಆ ಗಳಿಗೆಯ ಮಾತನ್ನಷ್ಟೇ ಹೇಳುತ್ತದೆ, ಹುಳ ಅಲ್ಲಿ ಬದುಕಿದಷ್ಟು ದಿನದ ಕಥೆ ಹೇಳುತ್ತದೆ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಆರು ವರ್ಷದಿಂದ ಈ ತೊರೆಗೆ ಹತ್ತಕ್ಕೆ ಎಂಟು ಅಂಕಕ್ಕಿಂತ ಕಡಿಮೆ ಬಂದಿರಲಿಲ್ಲ. ಅಕ್ಕ ಇಲ್ಲಿಗೆ ಬಂದ ಹೊಸದರಲ್ಲಿ, ತೊರೆಯ ಪಕ್ಕದ ಬಾವಿಯ ನೀರು ಕುಡಿಯಬಹುದೇ ಎಂದು ಕೇಳಿದ್ದಳು. "ಕಣ್ಮುಚ್ಚಿಕೊಂಡು ಕುಡಿ" ಅಂದಿದ್ದಳು ತಂಗಿ. ಅವತ್ತಿನಿಂದ ಅಕ್ಕ ದೂರದ ನಲ್ಲಿಗೆ ಹೋಗುವುದನ್ನೇ ಬಿಟ್ಟಳು.

ತಂಗಿಯ ನಿದ್ದೆ ಕೆಡಿಸಿದ್ದು ಸಂಜೆ ಕಂಡದ್ದು. ಕಚೇರಿಯ ಜೀಪು ಕೆಟ್ಟು ತಡವಾಗಿ ಬಂದು, ರಾತ್ರಿ ಅಕ್ಕನ ಮನೆಯಲ್ಲೇ ಉಳಿಯಬೇಕಾದವಳು ಕಾಲು ತೊಳೆಯಲು ತೊರೆಗಿಳಿದು, ಅಭ್ಯಾಸಬಲದಿಂದ ಒಂದು ಕಲ್ಲು ಮಗುಚಿದ್ದಳು. ಏನೂ ಇರಲಿಲ್ಲ. ನಲವತ್ತು ಕಲ್ಲು ಮಗುಚಿದಳು. ಮರಳಿನ ಕಾಳು ಪೋಣಿಸಿ ಹುಳಗಳು ಕಟ್ಟಿಕೊಂಡ ಗೂಡುಗಳಿದ್ದವು, ಒಳಗೆ ಯಾರೂ ಇರಲಿಲ್ಲ. ಬೆಳಕು ಸಾಲದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಈಗ ಟಾರ್ಚು ಹಿಡಿದು ಹೊರಟಳು. ತೊರೆ ಸದ್ದಿಲ್ಲದೆ ಹರಿಯುತ್ತಿತ್ತು. ನೀರಿಗೆ ಬೆಳಕು ಬಿಟ್ಟವಳು ಹೆಜ್ಜೆ ಹಿಂದಿಟ್ಟಳು. ಹೊಲಗಳಿಗೂ ಮೇಲಿನ ಕಾಡಿನ ಕಡೆಯಿಂದ ಅವು ಬರುತ್ತಿದ್ದವು. ಒಂದೆರಡಲ್ಲ, ನೂರಾರು. ಕಾಲು ಚಾಚಿ, ಬೆನ್ನ ಮೇಲೆ ಮಲಗಿದಂತೆ ತೇಲಿಬಂದು ಖಾಲಿ ಕಲ್ಲು ಸಿಕ್ಕಿದ ಕೂಡಲೇ ಹಿಡಿದು ಅಡಿಗೆ ಸರಿಯುತ್ತಿದ್ದವು. ಹಿಂದಿನ ಬಾಡಿಗೆಯವರು ಎಲ್ಲಿ ಹೋದರೆಂದು ಕೇಳದೆ ಮನೆ ಸೇರಿಕೊಳ್ಳುವವರ ಹಾಗೆ. ಹುಳಗಳು ರಾತ್ರಿ ತೇಲುತ್ತವೆಂದು ಅವಳು ಓದಿದ್ದಳು. ನೋಡಿದ್ದು ಇದೇ ಮೊದಲು.

ಬೆಳಿಗ್ಗೆ ಏಳಕ್ಕೆ ಎಣಿಸಿದಳು. ಕಲ್ಲಿನಡಿ ತುಂಬಿ ತುಳುಕುತ್ತಿದ್ದವು. ಹತ್ತಕ್ಕೆ ಎಂಟು. ಕಚೇರಿಯ ಜೀಪು ಬಿಡುವಾಗಿರುವುದು ಬೆಳಗಿನ ಹೊತ್ತು ಮಾತ್ರ. ಹಾಗಾಗಿ ಆರು ವರ್ಷವೂ ಅವಳು ಬಂದದ್ದು ಏಳು ಗಂಟೆಗೇ.

ಈ ಸಲ ಅವಳು ಎದ್ದು ಹೋಗಲಿಲ್ಲ. ಹತ್ತು ಗಂಟೆಗೆ ಮೇಲೆಲ್ಲೋ ಹೊಲದ ಕಾಲುವೆಯ ಹಲಗೆ ಎತ್ತಿದ ಸದ್ದಾಯಿತು. ಹೊಲಗಳನ್ನು ತೊಳೆದ ನೀರು ತೊರೆಗೆ ಸೇರಿತು. ಬಣ್ಣವೇನೂ ಬದಲಾಗಲಿಲ್ಲ, ಬೀರುವಿನ ಒಳಗಿನಂಥ ಒಂದು ತೆಳ್ಳನೆಯ ವಾಸನೆ ಮಾತ್ರ ಸುಳಿಯಿತು. ಎಣಿಸಿದ ಹುಳಗಳಿದ್ದ ತಟ್ಟೆಯನ್ನು ಅದೇ ನೀರಿನಲ್ಲಿ ಅದ್ದಿ ಹಿಡಿದಳು. ಮೊದಲು ಹುಳಗಳ ಕಾಲುಗಳು ನಡುಗಿದವು. ಹಿಡಿಯಲು ಹೋಗಿ, ತಪ್ಪಿ, ಮತ್ತೆ ಹಿಡಿಯಲು ಹೋದವು. ಆಮೇಲೆ ಒಂದೊಂದಾಗಿ ಕೈಬಿಟ್ಟವು. ಹನ್ನೆರಡಕ್ಕೆ ತೊರೆಯ ಕಲ್ಲುಗಳೆಲ್ಲ ತೊಳೆದಿಟ್ಟಂತಿದ್ದವು.

ಹೀಗೆ ಪ್ರತಿ ಸಲವೂ ಒಂದು ರಾತ್ರಿಯ ನೆಂಟರನ್ನು ಎಣಿಸಿ ಅವಳು ಈ ಊರಿಗೆ ಆರೋಗ್ಯ ಬರೆದುಕೊಟ್ಟಿದ್ದಳು.

"ಏನೇ ಹುಳದಮ್ಮ, ಊಟ ಗೀಟ ಏನಾದ್ರೂ ಇದೆಯೋ, ಇಲ್ಲ ಅದನ್ನೇ ತಿಂದ್ಕೊಂಡು ಇರ್ತೀಯೋ?" ದಂಡೆಯ ಮೇಲೆ ಅಕ್ಕ ನಿಂತಿದ್ದಳು. ನಡುಗುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಅಕ್ಕಾ, ಬಾವಿ ನೀರು ಮುಟ್ಟಬೇಡ. ಇಲಿ ಸತ್ತು ಬಿದ್ದಿದೆ."

"ಬೆಳಿಗ್ಗೆ ಸೇದಿದಾಗ ಇರಲಿಲ್ವಲ್ಲೇ!"

"ಈಗ ಬಿದ್ದಿದೆ. ಇನ್ಮೇಲೆ ನಲ್ಲಿ ನೀರೇ ತರಿಸ್ಕೋ. ನಾನೇ ಆಳು ಗೊತ್ತು ಮಾಡ್ತೀನಿ."

ಅಕ್ಕ ಅವಳ ಮುಖವನ್ನೇ ನೋಡಿದಳು. "ಇಲಿ ಕಥೆ ಬಿಡು. ನಿನ್ನ ಹುಳಗಳು ಏನಂತಾವೆ?"

"ಈ ಸಲ... ಸರಿಯಿಲ್ಲ ಅಂತಾವೆ."

"ಈ ಸಲ ತಾನೆ? ಹೋಗ್ಲಿ ಬಿಡೇ. ಇಷ್ಟು ವರ್ಷ ನೀನು ನಮ್ಮನ್ನ ಕಾಪಾಡಿದೆಯಲ್ಲ, ಅಷ್ಟು ಸಾಕು. ನಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳ್ತಿರ್ತೀನಿ, ನನ್ನ ತಂಗಿ ನೋಡಿ ಹೇಳಿದ ನೀರು ಅಂತ. ಅವರೂ ನಮ್ಮ ಬಾವಿಗೇ ಬರ್ತಾರೆ." ಹೇಳಿ ನಕ್ಕಳು. "ಸಂಜೆ ಡಾಕ್ಟರ ಹತ್ರ ಹೋಗ್ಬೇಕು, ನೀನೂ ಬಾ. ಅವರು ಕೇಳಿದ್ದನ್ನೇ ಕೇಳಿ ತಲೆಗೆ ಹುಳ ಬಿಡ್ತಾರೆ. ಏನ್ ತಿಂತೀರಾ, ಏನ್ ಕುಡೀತೀರಾ ಅಂತ."

ಅಕ್ಕ ಮನೆಯತ್ತ ನಡೆದಳು. ತಂಗಿ ದಫ್ತರ ಬಿಚ್ಚಿದಳು. ಹಳೆಯ ಇಪ್ಪತ್ನಾಲ್ಕು ಹಾಳೆಗಳಲ್ಲೂ ಅವಳದೇ ದುಂಡು ಅಕ್ಷರ: ಏಳು ಗಂಟೆ, ಎಂಟು ಅಂಕ. ಹೊಸ ಹಾಳೆಯಲ್ಲಿ ಬರೆದಳು: ಮಧ್ಯಾಹ್ನ ಹನ್ನೆರಡು. ಹುಳಗಳಿಲ್ಲ. ತೊರೆ ಪಕ್ಕದ ಬಾವಿಗಳನ್ನು ಇಂದೇ ಮುಚ್ಚಿಸಬೇಕು.

ಈ ಹಾಳೆಯನ್ನು ಇವತ್ತೇ ಕಚೇರಿಗೆ ಮುಟ್ಟಿಸುವುದು ಖಂಡಿತ. ಹೊಲಗಳಿಗೆ ಹೊಸದಾಗಿ ಏನೋ ಹೊಡೆದಿರಬೇಕು ಎಂದು ಅಲ್ಲಿನವರೇ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಆದರೆ ರಾತ್ರಿ ಟಾರ್ಚಿನ ಬೆಳಕಿನಲ್ಲಿ ಕಂಡದ್ದನ್ನು, ಆ ಇಪ್ಪತ್ನಾಲ್ಕು ಬೆಳಗುಗಳ ಸುಳ್ಳನ್ನು ಕಚೇರಿಗೆ ಹೇಳುವುದಿಲ್ಲ. ಅಕ್ಕನಿಗೂ ಹೇಳುವುದಿಲ್ಲ. ಸಂಜೆ ಡಾಕ್ಟರು ಎಷ್ಟು ಸಲ ಕೇಳಿದರೂ ಅವರಿಗೂ ಹೇಳುವುದಿಲ್ಲ.